ಹೊಸ ಎಲೆಗಳಿಗೆ ಆದದ್ದು

ಎಲೆಯನ್ನು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡದ್ದು ಯಾಕೆ ಎಂದು ಜಯತೀರ್ಥನಿಗೆ ಬಸ್ಸು ಹಬ್ಸಿಗುಡ ದಾಟಿದರೂ ಹೊಳೆಯಲಿಲ್ಲ. ಯಾರಿಗಾದರೂ ತೋರಿಸಬೇಕೆಂದಿರಲಿಲ್ಲ. ಮನೆಯವರು ನೋಡಬಾರದೆಂದೂ ಅಲ್ಲ, ನೋಡಬೇಕಾದವರೆಲ್ಲ ಆಗಲೇ ನೋಡಿದ್ದರು. ಕೆಲಸಕ್ಕೆ ಹೊರಡುವ ಮುಂಚೆ ಹಿತ್ತಲಿಗೆ ಹೋದವನು ದ್ರಾಕ್ಷಿಯ ಚಪ್ಪರದ ಕೆಳಗೆ ನಿಂತು, ಕೈಗೆಟುಕಿದ ಕುಡಿಯಿಂದ ಒಂದು ಎಲೆ ಚಿವುಟಿ, ಕಳ್ಳನಂತೆ ಸುತ್ತ ನೋಡಿ ಜೇಬಿಗಿಟ್ಟುಕೊಂಡಿದ್ದ. ಈಗ ಕಿಟಕಿಯ ಪಕ್ಕ ಕೂತು, ಎದೆಯ ಮೇಲೆ ಅದರ ಸಣ್ಣ ತಣುಪನ್ನು ಅನುಭವಿಸುತ್ತ, ತೆಗೆದು ನೋಡಲು ಧೈರ್ಯವಾಗದೆ ಹೊರಗಿನ ಗೋಡೆಗಳ ಮೇಲಿನ ಸಿನೆಮಾ ಪೋಸ್ಟರುಗಳನ್ನು ಓದುತ್ತಿದ್ದ. ನೋಡುವುದೇನೂ ಉಳಿದಿರಲಿಲ್ಲ. ದ್ರಾಕ್ಷಿಯ ಎಲೆ ಅಂಗೈಯಂತೆ ಅಗಲವಾಗಿ ಬಿಚ್ಚಿಕೊಳ್ಳಬೇಕು. ಇದು ಅರ್ಧ ತೆರೆದ ಬೀಸಣಿಗೆಯಂತಿತ್ತು. ನರಗಳೆಲ್ಲ ತೊಟ್ಟಿನಿಂದ ಅಂಚಿನವರೆಗೆ ಒಂದರ ಪಕ್ಕ ಒಂದು ಇಕ್ಕಟ್ಟಾಗಿ ಓಡಿ, ನಡುವಿನ ಹಸಿರು ಮುದುಡಿ, ಅಂಚು ಗರಗಸದ ಹಲ್ಲಿನಂತೆ ಚೂಪಾಗಿತ್ತು. ಧಾರವಾಡದಲ್ಲಿ ಓದುವಾಗ ಪುಸ್ತಕದ ಚಿತ್ರದಲ್ಲಿ ಕಂಡಿದ್ದ. ಪರೀಕ್ಷೆಗೆ ಬರುತ್ತದೆಂದು ಗುರುತು ಹಾಕಿಕೊಂಡಿದ್ದ. ಕಳೆ ಕೊಲ್ಲುವ ಔಷಧ ದ್ರಾಕ್ಷಿಗೆ ತಾಗಿದರೆ ಎಲೆ ಹೀಗಾಗುತ್ತದೆ. ಬೇರೆ ಯಾವುದರಿಂದಲೂ ಇಷ್ಟು ಅಚ್ಚುಕಟ್ಟಾಗಿ ಹೀಗಾಗುವುದಿಲ್ಲ.

ಹಿಂದಿನ ಸಂಜೆ ಊಟಕ್ಕೆ ಕೂತಾಗ ಗೋದಾಬಾಯಿ ಮಜ್ಜಿಗೆ ಬಡಿಸುತ್ತ ಅವನ ಹೆಂಡತಿ ನಲಿನಿಯನ್ನು ಕೇಳಿದ್ದರು. ಗೋದಾಬಾಯಿ ಜಯತೀರ್ಥನ ತಂದೆಯ ಅಕ್ಕ. ನಲ್ಲಕುಂಟದ ಆ ಮನೆ ಅವರದು. ಅವರ ಗಂಡ ಪ್ರಾಣೇಶರಾಯರು ರೈಲ್ವೆಯ ಲೆಕ್ಕಪತ್ರ ಇಲಾಖೆಯಲ್ಲಿದ್ದು, ನಿವೃತ್ತರಾದ ವರ್ಷ ಯಾರದೋ ತೋಟದಿಂದ ಅನಾಬ್ ಶಾಹಿ ಜಾತಿಯ ದ್ರಾಕ್ಷಿಯ ಒಂದು ಕಡ್ಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತಂದು ಹಿತ್ತಲಲ್ಲಿ ನೆಟ್ಟಿದ್ದರು. ಅದು ಚಪ್ಪರಕ್ಕೆ ಹತ್ತಿದ ವರ್ಷ ಅವರು ಹೋದರು. ಮೊದಲ ಗೊಂಚಲು ಪ್ರತಿ ವರ್ಷ ಮಠಕ್ಕೆ ಹೋಗುತ್ತದೆ. ಉಳಿದದ್ದು ನೆರೆಹೊರೆಗೆ. ಗೋದಾಬಾಯಿ ಒಂದು ಹಣ್ಣನ್ನೂ ಬಾಯಿಗಿಡುವುದಿಲ್ಲ, ಗಂಡ ತಿನ್ನದೇ ಹೋದದ್ದು ಎಂದು. ಮಧ್ಯಾಹ್ನದ ಹೊತ್ತು ಚಪ್ಪರದ ಕೆಳಗೆ ಮಣೆ ಹಾಕಿಕೊಂಡು ಬತ್ತಿ ಹೊಸೆಯುವುದು ಅವರ ದಿನಚರಿ. ಆಗ ಅವರ ತುಟಿ ಅಲುಗುತ್ತಿರುತ್ತದೆ, ಅದು ಸ್ತೋತ್ರವೋ ಗಂಡನೊಡನೆ ಮಾತೋ ಎಂದು ಜಯತೀರ್ಥ ಯಾವತ್ತೂ ಕೇಳಿರಲಿಲ್ಲ.

"ನಲಿನೀ, ದೀಪಾವಳಿ ಆದ ಮರುವಾರ ನೀ ಹೊರಗ ಕೂತಿದ್ದಿ. ಆವಾಗ ಬಳ್ಳಿ ಹತ್ರ ಹೋಗಿದ್ದೇನವಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಲಿನಿ ಅನ್ನ ಕಲೆಸುತ್ತಿದ್ದ ಕೈಯನ್ನು ನಿಲ್ಲಿಸಿ, "ಹೋಗಿದ್ದೆ ಅತ್ಯಾ. ಒಂದು ಕುಡಿ ಗಾಳಿಗೆ ಕೆಳಗ ಬಿದ್ದಿತ್ತು. ಎತ್ತಿ ಕಟ್ಟಿದೆ," ಎಂದಳು. ಗೋದಾಬಾಯಿ ತಲೆಯಾಡಿಸಿ ಜಯತೀರ್ಥನ ಎಲೆಗೆ ಮಜ್ಜಿಗೆ ಹಾಕಿ ಒಳಗೆ ಹೋದರು. ಅಷ್ಟೇ. ತೀರ್ಪು ಅಲ್ಲಿಗೇ ಮುಗಿದಿತ್ತು. ಆ ಮನೆಯಲ್ಲಿ ತಿಂಗಳಿಗೆ ಮೂರು ದಿನ ನಲಿನಿ ಹಿತ್ತಲ ಬಾಗಿಲ ಪಕ್ಕದ ಸಣ್ಣ ಕೋಣೆಯಲ್ಲಿ ಕೂರುತ್ತಾಳೆ, ಆ ದಿನಗಳಲ್ಲಿ ಅವಳು ತುಳಸಿಯನ್ನಾಗಲಿ ಬಳ್ಳಿಯನ್ನಾಗಲಿ ಮುಟ್ಟುವಂತಿಲ್ಲ. ಮುಟ್ಟಿದಳು, ಬಳ್ಳಿ ಮುರುಟಿತು. ಮಜ್ಜಿಗೆಯನ್ನ ಉಣ್ಣುತ್ತ ಜಯತೀರ್ಥ ಬಾಯಿ ತೆರೆಯಬಹುದಿತ್ತು. ಉಪ್ಪು ಕೇಳಿದ. ನಲಿನಿ ಉಪ್ಪಿನ ಬಟ್ಟಲನ್ನು ಎಡಗೈಯಿಂದ ಇತ್ತ ಸರಿಸಿದಳು.

ನಾಚಾರಂನ ಕಳೆ ಔಷಧದ ಕಂಪನಿಯಲ್ಲಿ ಅವನ ಪ್ರಯೋಗಶಾಲೆ ಎಂದರೆ ಗೋದಾಮಿನ ಮೂಲೆಯಲ್ಲಿ ಪ್ಲೈವುಡ್ಡಿನ ಗೋಡೆ ಹಾಕಿ ಮಾಡಿದ ಒಂದು ಕೋಣೆ. ಕಿಟಕಿಯ ಹೊರಗೆ ಡಬ್ಬಿಗಳಲ್ಲಿ ಬೆಳೆಸಿದ ಕಳೆಗಳ ಸಾಲು: ಕಾಂಗ್ರೆಸ್ ಗಿಡ, ಮುಳ್ಳು ರಾಜಗಿರಿ, ಕೊಮ್ಮೆ. ಬೇರೆಯವರ ಕಿಟಕಿಯಲ್ಲಿ ಗುಲಾಬಿ ಇರುತ್ತದೆ ಎಂದು ಮದುವೆಯಾದ ಹೊಸದರಲ್ಲಿ ನಲಿನಿ ನಕ್ಕಿದ್ದಳು. ಒಂದು ಹನಿ ಔಷಧವನ್ನು ಎಲೆಯ ಮೇಲಿಟ್ಟರೆ ಅದು ಕಮಲದ ಎಲೆಯ ನೀರಿನಂತೆ ಗುಂಡಗೆ ಕೂತುಬಿಡುತ್ತದೆ, ಎಲೆಯ ಮೇಲಿನ ಮೇಣದ ಪದರ ಅದನ್ನು ಒಳಗೆ ಬಿಡುವುದಿಲ್ಲ. ಅದಕ್ಕೆ ಸಾಬೂನಿನಂಥ ಒಂದು ದ್ರವವನ್ನು ಬೆರೆಸಬೇಕು. ಕಂಪನಿಯಲ್ಲಿ ಎಲ್ಲರೂ ಅದನ್ನು ಸ್ಪ್ರೆಡರ್ ಎನ್ನುತ್ತಿದ್ದರು. ಅದು ಸೇರಿದ ಕೂಡಲೆ ಹನಿ ಸೋತಂತೆ ಚಪ್ಪಟೆಯಾಗಿ, ಹರಡಿ, ಮೇಣದೊಳಗೆ ದಾರಿ ಮಾಡಿಕೊಳ್ಳುತ್ತದೆ. ಒಳಗೆ ಹೋದದ್ದು ಅಲ್ಲೇ ನಿಲ್ಲುವುದಿಲ್ಲ. ಎಲೆ ಬಿಸಿಲಲ್ಲಿ ಮಾಡಿದ ಸಕ್ಕರೆ ಎತ್ತ ಹರಿಯುತ್ತದೋ ಅದೂ ಅತ್ತ ಹರಿಯುತ್ತದೆ, ಬೇರಿಗೆ, ಮೊಗ್ಗಿಗೆ, ಎಳೆ ಕುಡಿಗೆ. ಬಿದ್ದ ಎಲೆ ಆರೋಗ್ಯವಾಗಿ ಕಾಣುತ್ತಿರುವಾಗಲೇ ಇನ್ನೂ ಹುಟ್ಟದ ಎಲೆ ಕೆಟ್ಟಿರುತ್ತದೆ. ಈ ವಿಷಯದಲ್ಲಿ ಜಯತೀರ್ಥ ಸ್ವಂತ ಕಣ್ಣಿಂದ ಕಂಡುಕೊಂಡದ್ದು ಒಂದಿತ್ತು. ಸ್ಪ್ರೆಡರ್ ಜಾಸ್ತಿಯಾದರೆ ಎಲೆ ಮರುದಿನವೇ ಸುಟ್ಟುಹೋಗುತ್ತದೆ. ಸುಟ್ಟ ಎಲೆ ಸಕ್ಕರೆ ಮಾಡುವುದಿಲ್ಲ, ಸಕ್ಕರೆ ಹರಿಯದಿದ್ದರೆ ಔಷಧವೂ ಹೋಗುವುದಿಲ್ಲ, ಹದಿನೈದು ದಿನಕ್ಕೆ ಬೇರಿನಿಂದ ಗಿಡ ಮತ್ತೆ ಚಿಗುರುತ್ತದೆ. ಕಡಿಮೆ ಹಾಕಬೇಕು. ಎಲೆ ಬದುಕಿರಬೇಕು.

ದೀಪಾವಳಿಗೆ ಮುಂಚೆ ಒಂದು ಮೀಟಿಂಗಿನಲ್ಲಿ ಅವನು ಇದನ್ನು ಹೇಳಿದ್ದ. ಮ್ಯಾನೇಜರ್ ರಾಮಕೃಷ್ಣ ಕೇಳಿಸಿಕೊಂಡು, ಮಾರಾಟದ ಹುಡುಗರ ಕಡೆ ತಿರುಗಿ, ನಮ್ಮ ಸೈಂಟಿಸ್ಟ್‌ಗಾರು ಗಿಡಕ್ಕೆ ನೋವಾಗದ ಹಾಗೆ ಕೊಲ್ಲುತ್ತಾರಂತೆ ಎಂದು ತೆಲುಗಿನಲ್ಲಿ ಹೇಳಿದ. ಎಲ್ಲರೂ ನಕ್ಕರು. ಜಯತೀರ್ಥನೂ ನಕ್ಕ, ಅದೇ ಅವನನ್ನು ಆಮೇಲೆ ಹೆಚ್ಚು ಸುಟ್ಟದ್ದು. ರೈತ ಹೊಡೆದ ಎರಡನೆಯ ದಿನ ಒಣಗಿದ್ದು ಕಾಣಬೇಕು, ಕಾಣದಿದ್ದರೆ ಡಬ್ಬಿ ವಾಪಸು ಬರುತ್ತದೆ, ಮೂರನೇ ವಾರದ ಕಥೆ ಯಾರಿಗೆ ಬೇಕು ಎಂದು ರಾಮಕೃಷ್ಣ ಮುಂದಿನ ವಿಷಯಕ್ಕೆ ಹೋದ. ಕೆಟ್ಟವನೇನಲ್ಲ. ಜಯತೀರ್ಥನಿಗೆ ಜ್ವರ ಬಂದಾಗ ಮನೆಗೆ ಮೋಸಂಬಿ ತಂದುಕೊಟ್ಟವನು. ಆ ನಗು ಮಾತ್ರ ಹೋಗಲಿಲ್ಲ. ಹಬ್ಬದ ಮರುವಾರ, ಭಾನುವಾರ ಮಧ್ಯಾಹ್ನ, ಜಯತೀರ್ಥ ಪ್ರಯೋಗಶಾಲೆಯಿಂದ ಹೇಳದೆ ತಂದಿದ್ದ ಒಂದು ಬಾಟಲಿಯನ್ನು ಕೈಪಂಪಿಗೆ ಸುರಿದು, ಹಿತ್ತಲ ಗೋಡೆಯ ಆಚೆಗಿನ ಓಣಿಯಲ್ಲಿ ಸೊಂಟದೆತ್ತರ ಬೆಳೆದಿದ್ದ ಕಾಂಗ್ರೆಸ್ ಗಿಡಗಳಿಗೆ ಹೊಡೆದ. ತನ್ನ ಅಳತೆಯ ಸ್ಪ್ರೆಡರ್, ತನ್ನ ಕೈಯ ಮಿಶ್ರಣ. ಔಷಧ ಮಾತ್ರ ಎಸ್ಟರ್ ಜಾತಿಯದು, ಎಣ್ಣೆಯಂಥದು. ಮೇಣದೊಳಗೆ ಸಲೀಸಾಗಿ ಇಳಿಯುತ್ತದೆ, ಬಿಸಿಲಿಗೆ ಅಷ್ಟೇ ಸಲೀಸಾಗಿ ಆವಿಯಾಗಿ ಏಳುತ್ತದೆ. ಅದೂ ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದು ಆ ಮಧ್ಯಾಹ್ನ ಎಲ್ಲಿ ಹೋಗಿತ್ತು? ಮೂರನೇ ವಾರದಲ್ಲಿ ಬೇರುಸಹಿತ ಸತ್ತ ಗಿಡವನ್ನು ಕಿತ್ತು ತಂದು ರಾಮಕೃಷ್ಣನ ಮೇಜಿನ ಮೇಲಿಡುವ ದೃಶ್ಯವನ್ನೇ ಕಾಣುತ್ತ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಒಂದು ಸಲವೂ ನೋಡದೆ, ಹೊಡೆಯುತ್ತ ಹೋಗಿದ್ದ. ಗೋಡೆಯ ಈಚೆ, ಅಕ್ಟೋಬರಿನಲ್ಲಿ ಕತ್ತರಿ ಹಾಕಿದ್ದ ಬಳ್ಳಿ ನಾಲ್ಕಾರು ಎಲೆಯ ಹೊಸ ಕುಡಿ ಬಿಟ್ಟಿತ್ತು. ಅದರ ಕೆಳಗೆ ನಲಿನಿ ಬಿದ್ದ ಕುಡಿಯೊಂದನ್ನು ಎತ್ತಿ ಕಟ್ಟುತ್ತಿದ್ದಳೇನೋ.

ಎಲೆಯನ್ನು ಅವನು ಮಸೂರದ ಕೆಳಗಿಟ್ಟು ನೋಡುತ್ತಿದ್ದಾಗ ರಾಮಕೃಷ್ಣ ಒಳಗೆ ಬಂದ. ಬಗ್ಗಿ ನೋಡಿ, ದ್ರಾಕ್ಷಿ ಅಲ್ಲವೇ, ಎಲ್ಲಿಯದು ಎಂದು ಕೇಳಿದ. ಅವನಿಗೂ ಗೊತ್ತಾಗಿತ್ತು, ಕ್ಷಣದಲ್ಲಿ. ಜಯತೀರ್ಥ, ಕೊಂಪಲ್ಲಿಯ ಕಡೆ ಪರಿಚಯದವರೊಬ್ಬರ ತೋಟದ್ದು ಎಂದ. ಆ ತೋಟಕ್ಕೆ ಒಬ್ಬ ಮಾಲೀಕನೂ ಹುಟ್ಟಿಕೊಂಡ, ಅವನ ಪಕ್ಕದ ಹೊಲದವರು ಯಾವುದೋ ಕಂಪನಿಯ ಔಷಧ ಹೊಡೆದಿದ್ದರಂತೆ ಎಂಬುದೂ ಸೇರಿಕೊಂಡಿತು. ರಾಮಕೃಷ್ಣ ಎಲ್ಲ ಕೇಳಿ, ನಮ್ಮ ಹೆಸರು ಎಲ್ಲೂ ಬರದಿದ್ದರೆ ಸರಿ, ಇದನ್ನು ಇಲ್ಲಿ ಇಟ್ಟುಕೊಳ್ಳಬೇಡಿ ಎಂದು ಭುಜ ತಟ್ಟಿ ಹೋದ. ಜಯತೀರ್ಥ ಎಲೆಯನ್ನು ನಲ್ಲಿಯ ತೊಟ್ಟಿಗೆ ಹಾಕಿ ನೀರು ಬಿಟ್ಟ. ಅದು ಜಾಲರಿಯ ಮೇಲೆ ಅಂಟಿಕೊಂಡಿತು. ಬೆರಳಿಂದ ಒತ್ತಿ ಒತ್ತಿ ಒಳಗೆ ತುರುಕಿದ ಮೇಲೆ ತುಂಬ ಹೊತ್ತು ಕೈ ತೊಳೆದುಕೊಂಡ. ಸುಳ್ಳು ಎಷ್ಟು ಸುಲಭವಾಗಿ ಬಂತು, ಮನೆಯಲ್ಲಿ ನಿಜ ಒಂದು ಸಾಲಿನದು, ಅದು ಯಾಕೆ ಬರುವುದಿಲ್ಲ ಎಂದು ಯೋಚಿಸುತ್ತ ಊಟದ ಡಬ್ಬಿ ತೆರೆದ. ನಲಿನಿ ಅವನಿಗಿಷ್ಟವಾದ ಪುಂಡಿಪಲ್ಯ ಹಾಕಿದ್ದಳು.

ಅವಳು ಯಾವ ವಾದವನ್ನೂ ಮಾಡಿರಲಿಲ್ಲ. ಅತ್ತು ಕರೆದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಆ ಊಟದ ಮರುದಿನದಿಂದ ಹಿತ್ತಲಿಗೆ ಹೋಗುವುದನ್ನು ತಾನಾಗಿಯೇ ಬಿಟ್ಟಳು. ಒಗೆದ ಬಟ್ಟೆಯನ್ನು ಮುಂದಿನ ಪಡಸಾಲೆಯಲ್ಲಿ ಹಗ್ಗ ಕಟ್ಟಿ ಒಣಹಾಕಿದಳು. ರಾತ್ರಿಯ ಊಟ ಬಿಟ್ಟು ಒಂದಿಷ್ಟು ಅವಲಕ್ಕಿ ತಿನ್ನತೊಡಗಿದಳು. ಬೆಳಿಗ್ಗೆ ಮಠಕ್ಕೆ ಹೋಗಿ ಪ್ರದಕ್ಷಿಣೆ ಹಾಕಿ ಬರುತ್ತಿದ್ದಳು, ಕೇಳಿದರೆ, ಹಿಂಗ ಮನಸ್ಸಿಗೆ ಬಂತು ಎನ್ನುತ್ತಿದ್ದಳು. ರಾಯಚೂರಿನಲ್ಲಿ ಬಿ.ಎಸ್‌ಸಿ. ಮುಗಿಸಿದವಳು, ಗಿಡದೊಳಗೆ ನೀರು ಹೇಗೆ ಏರುತ್ತದೆಂದು ಓದಿದವಳು, ಸಂಜೆ ದೀಪದ ಹತ್ತಿರ ಕೂತು ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುವುದನ್ನು ಅವನು ಒಮ್ಮೆ ಬಾಗಿಲಲ್ಲಿ ನಿಂತು ಕಂಡ. ಬೂಟಿನ ಸದ್ದು ಮಾಡಿ ಒಳಗೆ ಬಂದ. ಚಹಾ ಮಾಡಲೇ ಎಂದು ಕೇಳಿ ಎದ್ದಳು. ಗೋದಾಬಾಯಿಯೂ ಅವಳ ಮೇಲೆ ಒರಟಾಗಲಿಲ್ಲ. ಮೊದಲಿಗಿಂತ ಮೆತ್ತಗಾದರು, ಕಾಯಿಲೆಯವರೊಡನೆ ಮಾತಾಡುವಂತೆ ಮಾತಾಡಿದರು, ತಲೆಗೆ ಎಣ್ಣೆ ಹಚ್ಚಿ ಬಾಚಿದರು. ಬಾಚಿದ ಮೇಲೆ ಹಿತ್ತಲಿಗೆ ಹೋಗಿ ಬಳ್ಳಿಯ ಕೆಳಗೆ ಕೂತು, ಮುರುಟಿದ ಎಲೆಗಳನ್ನು ಬೆರಳಿಂದ ಬಿಡಿಸಲು ನೋಡುತ್ತಿದ್ದರು. ಬಿಡಿಸಿದ್ದು ಮತ್ತೆ ಮುದುಡುತ್ತಿತ್ತು.

ಎರಡು ವರ್ಷದ ಹಿಂದೆ ಆಸ್ಪತ್ರೆಯಿಂದ ನಲಿನಿಯನ್ನು ರಿಕ್ಷಾದಲ್ಲಿ ಕರೆತಂದ ದಿನವೂ ಗೋದಾಬಾಯಿ ಹೀಗೇ ಮೆತ್ತಗೆ ಕೇಳಿದ್ದರು. ಐದು ತಿಂಗಳು ತುಂಬುವಷ್ಟರಲ್ಲಿ ಬಸಿರು ಕಳೆದುಹೋಗಿತ್ತು. ಗ್ರಹಣದ ದಿನ ಹೊರಗೆ ಹೋಗಿದ್ದೆಯೇನವ್ವ ಎಂದು ಕೇಳಿದರು. ನಲಿನಿ, ಬಾಗಿಲಿಗೆ ಯಾರೋ ಬಂದಿದ್ದರೆಂದು ಹೋಗಿದ್ದೆ ಎಂದಳು. ಗೋದಾಬಾಯಿ ತಲೆಯಾಡಿಸಿದರು. ಡಾಕ್ಟರು, ಒಮ್ಮೊಮ್ಮೆ ಹೀಗಾಗುತ್ತದೆ, ಕಾರಣ ಹೇಳಲಾಗುವುದಿಲ್ಲ ಎಂದು ಜಯತೀರ್ಥನಿಗೆ ಹೇಳಿದ್ದರು. ಅವನು ಆ ಮಾತನ್ನು ಮನೆಗೆ ತರಲಿಲ್ಲ. ಕಾರಣ ಇಲ್ಲ ಎನ್ನುವುದಕ್ಕಿಂತ ಗ್ರಹಣ ಎನ್ನುವುದು ಅತ್ಯಾಗೆ ಸಮಾಧಾನ ಕೊಡುತ್ತದೆ, ಇರಲಿ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅದು ಪೂರ್ತಿ ನಿಜವಾಗಿರಲಿಲ್ಲ. ಆ ವರ್ಷ ಎಸ್ಟರಿನ ಕೆಲಸ ಹೊಸದಾಗಿ ಶುರುವಾಗಿತ್ತು. ದಿನವೂ ಅವನ ಅಂಗಿಗೆ ಫಿನಾಯಿಲಿನಂಥ ಒಂದು ವಾಸನೆ ಹತ್ತಿ ಬರುತ್ತಿತ್ತು, ಬಾವಿಕಟ್ಟೆಯಲ್ಲಿ ಅಂಗಿಗಳನ್ನು ಕುಕ್ಕಿ ಒಗೆಯುತ್ತಿದ್ದವಳು ನಲಿನಿ. ಈ ಎರಡನ್ನೂ ಸೇರಿಸಲು ಅವನ ಬಳಿ ಯಾವ ಆಧಾರವೂ ಇರಲಿಲ್ಲ. ಸೇರಿಸಬಾರದು ಎನ್ನಲೂ ಇರಲಿಲ್ಲ. ಕಂಪನಿಗೆ ಬರುತ್ತಿದ್ದ ಪತ್ರಿಕೆಗಳಲ್ಲಿ ಹುಡುಕಿದ್ದ. ಒಬ್ಬರು ಹೌದೇನೋ ಎಂದರೆ ಇನ್ನೊಬ್ಬರು ಇಲ್ಲವೇನೋ ಎಂದಿದ್ದರು. ಹುಡುಕುವುದನ್ನು ನಿಲ್ಲಿಸಿದ. ಈಗ ಬಳ್ಳಿಯ ವಿಷಯದಲ್ಲಿ ಬಾಯಿ ತೆರೆದರೆ, ಔಷಧ ಗೋಡೆ ದಾಟಿ ಮನೆಯೊಳಗೆ ಬರುತ್ತದೆ ಎಂದು ಒಪ್ಪಿಕೊಂಡಂತೆ. ಅದನ್ನು ಒಪ್ಪಿದ ಮೇಲೆ ನಲಿನಿ ಮುಂದಿನ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾಳೆ. ಅವನು ಹೆದರಿದ್ದು ಅತ್ಯಾಗಲ್ಲ, ರಾಮಕೃಷ್ಣನಿಗಲ್ಲ, ಆ ಪ್ರಶ್ನೆಗೆ.

ಶನಿವಾರ ಅರ್ಧ ದಿನ. ಮನೆಗೆ ಬಂದಾಗ ನಲಿನಿ ಟ್ರಂಕು ತೆರೆದು ಸೀರೆ ಮಡಚಿ ಇಡುತ್ತಿದ್ದಳು. ಅತ್ಯಾ, ಸ್ವಲ್ಪ ದಿವಸ ರಾಯಚೂರಿಗೆ ಹೋಗಿ ಬಾ ಎಂದಿದ್ದರಂತೆ. ಬಳ್ಳಿಯೂ ಸುಧಾರಿಸಲಿ, ನಿನ್ನ ಮನಸ್ಸೂ ಸುಧಾರಿಸಲಿ, ಕಾಯಿ ಕಟ್ಟಿದ ಮೇಲೆ ಬರುವಿಯಂತೆ ಎಂದು. ಸೋಮವಾರದ ಗಾಡಿಗೆ ಹೋಗುತ್ತೇನೆ, ಅಣ್ಣ ಸ್ಟೇಷನ್ನಿಗೆ ಬರುತ್ತಾನೆ ಎಂದು ಹೇಳುವಾಗ ಅವಳ ಮುಖದಲ್ಲಿ ನೆಮ್ಮದಿಯಂಥದೇನೋ ಇತ್ತು, ಶಿಕ್ಷೆ ಇಷ್ಟಕ್ಕೇ ಮುಗಿಯಿತಲ್ಲ ಎನ್ನುವವರ ನೆಮ್ಮದಿ. ಅದನ್ನು ನೋಡಲಾಗಲಿಲ್ಲ. ಅವನು ಬೂಟು ಬಿಚ್ಚದೆ ನೇರ ಹಿತ್ತಲಿಗೆ ಹೋದ. ಗೋದಾಬಾಯಿ ಮಣೆಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು, ಕಾಲಲ್ಲಿ ಬೂಟು ಕಂಡು ಹುಬ್ಬೇರಿಸಿದರು.

"ಅತ್ಯಾ, ಬಳ್ಳಿ ಕೆಡಿಸಿದವ ನಾನು," ಎಂದ.

ನಿಂತುಕೊಂಡೇ ಎಲ್ಲ ಹೇಳಿದ. ಓಣಿಯ ಕಾಂಗ್ರೆಸ್ ಗಿಡ, ಬಾಟಲಿ, ಗಾಳಿ. ಔಷಧ ಹಳೆಯ ಎಲೆಯ ಮೇಲೆ ಬಿದ್ದು ಒಳಗೆ ಸೇರಿ ಕುಡಿಗೆ ಹರಿಯುತ್ತದೆಂದು, ಅದಕ್ಕೇ ಕೆಳಗಿನ ಎಲೆಗಳೆಲ್ಲ ನೆಟ್ಟಗಿದ್ದು ಆಮೇಲೆ ಬಂದವು ಮಾತ್ರ ಹೀಗಾಗಿವೆಯೆಂದು, ಬೇಕಾದರೆ ಎಣಿಸಿ ನೋಡಬಹುದೆಂದು ಕೈ ಚಾಚಿ ತೋರಿಸಿದ. ಮೀಟಿಂಗಿನಲ್ಲಿ ಮಾತಾಡಿದ್ದಕ್ಕಿಂತ ಸ್ಪಷ್ಟವಾಗಿ ಮಾತಾಡಿದ. ಬಳ್ಳಿ ಸಾಯುವುದಿಲ್ಲ, ಈ ಸಲದ ಫಸಲು ಹೋಗಬಹುದು, ಬೇಸಿಗೆಯಲ್ಲಿ ಕತ್ತರಿ ಹಾಕಿದರೆ ಹೊಸದು ಸರಿಯಾಗಿ ಬರುತ್ತದೆ, ನಲಿನಿಗೂ ಇದಕ್ಕೂ ಏನೂ ಸಂಬಂಧವಿಲ್ಲ ಎಂದ. ಹೇಳುತ್ತಿರುವಾಗಲೇ ಬಾಗಿಲಲ್ಲಿ ನಲಿನಿ ನಿಂತಿರುವುದು ಗೊತ್ತಾಯಿತು. ತಿರುಗಿ ನೋಡಲಿಲ್ಲ. ಗೋದಾಬಾಯಿ ಹೊಸೆಯುತ್ತಿದ್ದ ಬತ್ತಿಯನ್ನು ಮುಗಿಸಿ ತಟ್ಟೆಯಲ್ಲಿಟ್ಟು, ತಲೆಯೆತ್ತಿ ಚಪ್ಪರವನ್ನು ನೋಡಿದರು.

"ಆ ದಿವಸ ನಂಗೂ ವಾಸನಿ ಬಂದಿತ್ತು. ಓಣಿಯೊಳಗ ಮುನಸಿಪಾಲ್ಟಿಯವ್ರು ಏನರ ಹೊಡೀಲಿಕ್ಕತ್ತಾರ ಅನಕೊಂಡೆ," ಎಂದರು. ಇನ್ನೊಂದು ಬತ್ತಿಗೆ ಹತ್ತಿ ತೆಗೆದುಕೊಳ್ಳುತ್ತ, "ನೀ ಔಷಧ ಹೊಡದಿದ್ದೂ ಖರೇ ಇರಬೇಕು, ಜಯಾ. ನೀ ಸುಳ್ಳು ಹೇಳೂ ಹುಡುಗಲ್ಲ. ಆಕಿ ಮುಟ್ಟಿದ್ದೂ ಖರೇನ. ಬಳ್ಳಿ ಎರಡೂ ತಡಕೊಂಡದ ಪಾಪ."

ತಾನು ಇಷ್ಟು ದಿನ ಎದೆಯಲ್ಲಿ ಹೊತ್ತು ತಿರುಗಿದ್ದು ಹೊರಗೆ ಬಿದ್ದ ಕೂಡಲೆ ಎಲ್ಲವೂ ಬದಲಾಗುತ್ತದೆಂದು ಅವನು ಎಣಿಸಿದ್ದ. ಅದು ಅವರ ತಟ್ಟೆಯಲ್ಲಿ ಇನ್ನೊಂದು ಬತ್ತಿಯಂತೆ, ಉಳಿದವುಗಳ ಪಕ್ಕ ಹೋಗಿ ಕೂತಿತು. ಗೋದಾಬಾಯಿಯ ಕಣ್ಣು ತುಂಬಿತ್ತು. ಅದು ಅವನ ಮೇಲಿನ ಸಿಟ್ಟಲ್ಲ, ನಲಿನಿಯ ಮೇಲಿನದೂ ಅಲ್ಲ, ಈ ವರ್ಷ ಮಠಕ್ಕೆ ಗೊಂಚಲು ಹೋಗುವುದಿಲ್ಲ ಎಂಬುದಷ್ಟೇ ಅವರಿಗೆ ತಲುಪಿತ್ತು. ಬೂಟು ಬಿಚ್ಚಿ ಬಾ ಎಂದರು. ಅವನು ತಿರುಗಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ನಲಿನಿ ಟ್ರಂಕಿನ ಮುಂದೆ ನೆಲದ ಮೇಲೆ ಕೂತಿದ್ದಳು. ಮಡಿಲಲ್ಲಿ ಒಂದು ಸೀರೆಯಿತ್ತು, ಅದನ್ನು ಮಡಚುತ್ತಲೂ ಇರಲಿಲ್ಲ, ಇಡುತ್ತಲೂ ಇರಲಿಲ್ಲ. ಅವನು ಮಂಚದ ತುದಿಯಲ್ಲಿ ಕೂತ. ಹೊರಗೆ ತರಕಾರಿಯವಳು ಕೂಗುತ್ತ ಹೋದಳು.

"ನಿಮಗ ಯಾವಾಗ ಗೊತ್ತಾತು?"

"ಮೊದಲನೇ ಎಲಿ ನೋಡಿದಾಗ."

"ಅಂದ್ರ ಅತ್ಯಾ ನನ್ನ ಕೇಳೂಕಿಂತ ಮೊದಲ."

"ಹೂಂ."

ಅವಳು ಸೀರೆಯ ಅಂಚನ್ನು ಅಂಚಿಗೆ ಕೂಡಿಸಿದಳು. "ನಾನೂ ನಂಬಿದ್ದೆ," ಎಂದಳು. "ಕಾಲೇಜಿಗೆ ಹೋದಾಕಿ, ನಗು ಬರ್ತದ. ಆದ್ರ ನಂಬಿದ್ದೆ. ನನ್ನ ಕೈಯಾಗ ಏನೋ ಅದ ಅಂತ. ನೀವು ದಿನಾ ನೋಡಿಕೋತ ಡಬ್ಬಿ ತಗೊಂಡು ಹೋಗ್ತಿದ್ರಿ."

ಅವನು ಏನೋ ಹೇಳಲು ಹೋದ. ಕ್ಷಮೆ ಕೇಳುವ ಮಾತು ಇಂಗ್ಲಿಷಿನಲ್ಲಿ ಸಲೀಸಾಗಿ ಬರುತ್ತದೆ, ರಾಮಕೃಷ್ಣನಿಗೆ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಇಲ್ಲಿ ಅದು ಬಾಯಿಗೆ ಬರಲಿಲ್ಲ. ಅವಳು ಸೀರೆಯನ್ನು ಪಕ್ಕಕ್ಕಿಟ್ಟು ಅವನನ್ನು ನೆಟ್ಟಗೆ ನೋಡಿದಳು. ಅವನಿಗೆ ಗೊತ್ತಾಯಿತು, ಬಂತು ಎಂದು.

"ಆ ವರ್ಷ ನಿಮ್ಮ ಅಂಗಿಗೂ ಇದ ವಾಸನಿ ಇರತಿತ್ತು. ನಾನ ಒಗೀತಿದ್ದೆ."

"ಗೊತ್ತಿಲ್ಲ ನಲಿನಿ. ಖರೇನ ಗೊತ್ತಿಲ್ಲ. ಹುಡುಕಿ ನೋಡಿದೆ, ಯಾರಿಗೂ ಸರಿಯಾಗಿ ಗೊತ್ತಿಲ್ಲ."

ಅವಳು ಅಳುತ್ತಾಳೆ ಎಂದುಕೊಂಡ. ಅಳಲಿಲ್ಲ. ಅವನ ಕಡೆ ನೋಡದೆ ಹೇಳಿದಳು: "ಗೊತ್ತಿಲ್ಲ ಅಂತಾದರೂ ಆವತ್ತು ಅತ್ಯಾಗ ಹೇಳಬಹುದಿತ್ತಲ್ಲರಿ. ಗ್ರಹಣದ ಬಗ್ಗೆ ನನ್ನ ಕೇಳಿದಾಗ ನೀವು ಅಲ್ಲೇ ನಿಂತಿದ್ರಿ."

ಅವನು ಅಲ್ಲೇ ನಿಂತಿದ್ದ. ರಿಕ್ಷಾದವನಿಗೆ ಚಿಲ್ಲರೆ ಕೊಟ್ಟು ಬಂದು ಹೊಸ್ತಿಲ ಒಳಗೆ, ಕೈಯಲ್ಲಿ ಆಸ್ಪತ್ರೆಯ ಫ್ಲಾಸ್ಕು ಹಿಡಿದು ನಿಂತಿದ್ದ. ಫ್ಲಾಸ್ಕಿನ ಮುಚ್ಚಳ ಸಡಿಲವಾಗಿ ಹನಿ ಹನಿಯಾಗಿ ಕಾಲ ಮೇಲೆ ಬೀಳುತ್ತಿದ್ದದ್ದು ಈಗ ನೆನಪಾಯಿತು. ಎರಡು ವರ್ಷದಲ್ಲಿ ಅದು ನೆನಪಾಗಿರಲಿಲ್ಲ. ಆಗ ಬಾಯಿ ತೆರೆದಿದ್ದರೆ ಅವಳು ಹೊತ್ತದ್ದರಲ್ಲಿ ಅರ್ಧ ಇವನ ಪಾಲಿಗೆ ಬರುತ್ತಿತ್ತು, ಗೊತ್ತಿಲ್ಲದ್ದರ ಅರ್ಧ. ಅಷ್ಟನ್ನೂ ಅವಳೊಬ್ಬಳ ಮೇಲೆ ಬಿಟ್ಟು, ಅದಕ್ಕೆ ಅತ್ಯಾಳ ಸಮಾಧಾನ ಎಂದು ಹೆಸರಿಟ್ಟಿದ್ದ.

ಸೋಮವಾರ ಅವಳು ಗಾಡಿ ಹತ್ತಲಿಲ್ಲ. ಹೋಗುವುದಿಲ್ಲ ಎಂದು ಗೋದಾಬಾಯಿಗೆ ಅವಳೇ ಹೇಳಿದಳು. ಯಾಕೆ ಎಂದು ಅವರು ಕೇಳಲಿಲ್ಲ, ಅವಳು ಹೇಳಲೂ ಇಲ್ಲ. ಬಟ್ಟೆಯ ಹಗ್ಗ ಪಡಸಾಲೆಯಿಂದ ಮತ್ತೆ ಹಿತ್ತಲಿಗೆ ಹೋಯಿತು. ರಾತ್ರಿ ಊಟ ಮಾಡತೊಡಗಿದಳು. ಅವನೊಡನೆ ಬೇಕಾದಷ್ಟೇ ಮಾತು: ಅಕ್ಕಿ ಮುಗಿದಿದೆ, ಕರೆಂಟು ಹೋಗಿದೆ, ಡಬ್ಬಿ ಮರೆತಿರಿ. ಅವನು ಕೆಲಸದ ಅಂಗಿಗಳನ್ನು ನಾಚಾರಂನಲ್ಲೇ ಬಿಚ್ಚಿ, ಗೋದಾಮಿನ ಹಿಂದಿನ ನಲ್ಲಿಯಲ್ಲಿ ತಾನೇ ಒಗೆದು, ಬೇರೆ ಅಂಗಿ ತೊಟ್ಟು ಬರಲು ಶುರುಮಾಡಿದ. ಒಂದು ದಿನ ರಾಮಕೃಷ್ಣ ನೋಡಿ, ಮನೆಯಲ್ಲಿ ಜಗಳವೇ ಎಂದು ನಕ್ಕ. ಜಯತೀರ್ಥ ನಗಲಿಲ್ಲ. ಅಂಗಿ ಹಿಂಡುತ್ತ, ಆ ದ್ರಾಕ್ಷಿ ಎಲೆ ಕೊಂಪಲ್ಲಿಯದಲ್ಲ, ನನ್ನ ಮನೆಯದು, ಬಾಟಲಿ ಇಲ್ಲಿಯದೇ, ನಾನೇ ಒಯ್ದದ್ದು ಎಂದ. ರಾಮಕೃಷ್ಣ ಆಚೀಚೆ ನೋಡಿ, ಇದನ್ನು ನಾನು ಕೇಳಿಸಿಕೊಂಡಿಲ್ಲ ಎಂದು ಹೇಳಿ ಹೋದ. ಆ ಮೇಲೆ ಕೆಲವು ದಿನ ಅವನೂ ಕಡಿಮೆ ಮಾತಾಡಿದ. ಓಣಿಯ ಕಾಂಗ್ರೆಸ್ ಗಿಡಗಳು ಅಷ್ಟರಲ್ಲಿ ಬೇರುಸಹಿತ ಸತ್ತಿದ್ದವು, ಜಯತೀರ್ಥನ ಅಳತೆ ಸರಿಯಾಗಿತ್ತು. ಅವನ್ನು ಕಿತ್ತು ಯಾರ ಮೇಜಿಗೂ ಒಯ್ಯಲಿಲ್ಲ.

ಮುಂದಿನ ತಿಂಗಳು ಒಂದು ಭಾನುವಾರ ಅವನು ಎದ್ದಾಗ ಒಲೆಯ ಮುಂದೆ ಗೋದಾಬಾಯಿ ಇದ್ದರು. ನಲಿನಿ ಹಿತ್ತಲ ಬಾಗಿಲ ಪಕ್ಕದ ಕೋಣೆಯಲ್ಲಿ, ಚಾಪೆಯ ಮೇಲೆ ಮೊಣಕಾಲು ಕಟ್ಟಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಂದು ತಂಬಿಗೆ ನೀರು. ಇದು ಅವನು ಮದುವೆಯಾದಾಗಿನಿಂದ ಪ್ರತಿ ತಿಂಗಳು ಕಂಡದ್ದು, ಆದ್ದರಿಂದ ಕಾಣದೇ ಹೋದದ್ದು. ಆ ದಿನಗಳಲ್ಲಿ ಅವನು ಆ ಬಾಗಿಲನ್ನು ಸ್ವಲ್ಪ ಬೇಗ ದಾಟುತ್ತಿದ್ದ, ಏನಾದರೂ ಬೇಕೇ ಎಂದು ಗೋಡೆಯ ಕಡೆ ನೋಡುತ್ತ ಕೇಳುತ್ತಿದ್ದ. ಮಧ್ಯಾಹ್ನ ಊಟಕ್ಕೆ ಕರೆದಾಗ ಎದ್ದು ಕೈಕಾಲು ತೊಳೆದು ಅಡುಗೆಮನೆಯ ತನಕ ಹೋದ. ಅವನ ಮಣೆ ಹಾಕಿತ್ತು, ನೀರು ಇಟ್ಟಿತ್ತು. ಅವನು ಮಣೆಯ ಪಕ್ಕ ಸ್ವಲ್ಪ ಹೊತ್ತು ನಿಂತ. ಆಮೇಲೆ ನಡೆದು ಹೋಗಿ, ಸಣ್ಣ ಕೋಣೆಯ ಹೊಸ್ತಿಲು ದಾಟಿ, ನಲಿನಿಯ ಚಾಪೆಯ ಇನ್ನೊಂದು ತುದಿಯಲ್ಲಿ ಕೂತ. ಕೂರುವಾಗ ಅವನ ಮೊಣಕಾಲು ಅವಳದಕ್ಕೆ ತಾಗಿತು. ಇದನ್ನು ಯೋಚಿಸಿ ಮಾಡಿದನೋ ಎಂದು ಕೇಳಿದರೆ ಹೇಳಲಾಗುತ್ತಿರಲಿಲ್ಲ.

"ನೀವು ಸ್ನಾನ ಮಾಡಬೇಕಾಗ್ತದ," ಎಂದಳು ನಲಿನಿ, ಸಣ್ಣಗೆ.

"ಮಾಡತೀನಿ."

ಅವಳು ಸರಿಯಲೂ ಇಲ್ಲ, ಹತ್ತಿರ ಬರಲೂ ಇಲ್ಲ. ಗೋದಾಬಾಯಿ ಅವಳಿಗೆ ಬಡಿಸಲು ಪತ್ರಾವಳಿ ಹಿಡಿದು ಬಂದವರು ಬಾಗಿಲ ಆಚೆ ನಿಂತರು. ಮಡಿಸೀರೆಯ ಸೆರಗನ್ನು ಕೈಯಲ್ಲಿ ಒತ್ತಿ ಹಿಡಿದಿದ್ದರು. ಅವರ ಕಣ್ಣು ಚಾಪೆಯ ಈ ತುದಿಯಿಂದ ಆ ತುದಿಗೆ ಹೋಗಿ ಮತ್ತೆ ಬಂತು. ಬೈಯುತ್ತಾರೆ ಎಂದುಕೊಂಡ. ಅಥವಾ ಅಡುಗೆಯನ್ನು ಹಾಗೇ ಮುಚ್ಚಿಟ್ಟು ಒಳಗೆ ಹೋಗಿ ಮಲಗುತ್ತಾರೆ. ಚಿಕ್ಕವನಿದ್ದಾಗ ಲಿಂಗಸುಗೂರಿನಿಂದ ಓದಲು ಬಂದ ಅವನನ್ನು ತಟ್ಟೆಯ ಮುಂದೆ ಕೂರಿಸಿಕೊಂಡು ತುತ್ತು ಮಾಡಿ ಕೊಟ್ಟವರು. ಗೋದಾಬಾಯಿ ಕೈಯಲ್ಲಿದ್ದ ಎಲೆಯನ್ನು ನಲಿನಿಯ ಮುಂದೆ ಮೇಲಿಂದ ಬಿಟ್ಟರು, ಒಳಗೆ ಹೋದರು. ಒಳಗೆ ಬಹಳ ಹೊತ್ತು ಯಾವ ಸದ್ದೂ ಬರಲಿಲ್ಲ. ಆಮೇಲೆ ಪಾತ್ರೆಯ ಸದ್ದಾಯಿತು. ಇನ್ನೊಂದು ಎಲೆ ತಂದು, ಅವನ ಮುಂದೆಯೂ ಅಷ್ಟೇ ಎತ್ತರದಿಂದ ಬಿಟ್ಟರು. ಅದು ಗಾಳಿಗೆ ಓರೆಯಾಗಿ ಬಿತ್ತು, ಅವನು ನೆಟ್ಟಗೆ ಮಾಡಿಕೊಂಡ. ಅನ್ನವನ್ನು ಅವಳಿಗೆ ಹಾಕಿದಂತೆಯೇ ಅವನಿಗೂ ದೂರದಿಂದ ಬಗ್ಗದೆ ಹಾಕಿದರು. ಅವರ ಮುಖ ನೋಡಲು ಅವನಿಗೆ ಆಗಲಿಲ್ಲ, ಕಾಲಿನ ಬೆರಳುಗಳನ್ನು ನೋಡುತ್ತ ಕೂತಿದ್ದ. ಸಾರಿನ ಪಾತ್ರೆ ಬಂತು. ಸೌಟು ತುಂಬಿ ಮೇಲಕ್ಕೇರಿತು, ಹಬೆಯಾಡುತ್ತಿತ್ತು. ಅವನು ಅಭ್ಯಾಸದಂತೆ ಅನ್ನದಲ್ಲಿ ಗುಂಡಿ ಮಾಡಿ ಬೆರಳನ್ನು ಅಲ್ಲೇ ಇಟ್ಟುಕೊಂಡಿದ್ದ.

"ಕೈ ಹಿಂದ ತಗೋರಿ," ಎಂದಳು ನಲಿನಿ. "ಮ್ಯಾಲಿಂದ ಬೀಳೂದು, ಸಿಡೀತದ."

ಅವನು ಕೈ ಹಿಂದಕ್ಕೆ ತೆಗೆದುಕೊಂಡ.